ಇಪ್ಪತ್ತೈದು ಸಣ್ಣ ಪದಗಳು

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ನಾಲ್ಕು ವಾರ ನನ್ನ ಕೆಲಸ ಇಷ್ಟೇ ಆಗಿತ್ತು: ಕರಿಕಂಬಳಿಯ ಈಚೆ ಕುಳಿತು ಮೈಕಿನಲ್ಲಿ ಒಂದೊಂದೇ ಪದ ಹೇಳುವುದು. ಕಂಬಳಿಯ ಆಚೆ ಹೆಡ್‌ಫೋನ್ ಹಾಕಿಕೊಂಡು ಕುಳಿತವರು ಆ ಪದವನ್ನು ತಿರುಗಿ ಹೇಳಬೇಕು. ಎಷ್ಟು ಪದ ಸರಿ ಬಂತು ಎಂಬುದರ ಮೇಲೆ ಅವರ ಕಿವಿಯ ಹಣೆಬರಹ ತೀರ್ಮಾನವಾಗುತ್ತಿತ್ತು.

ಒಂದು ಸಂಸ್ಥೆಯವರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ವಾರಕ್ಕೊಂದರಂತೆ ಕಿವಿ ತಪಾಸಣೆಯ ಕ್ಯಾಂಪ್ ಇಟ್ಟುಕೊಂಡಿದ್ದರು. ಕಿವಿ ಡಾಕ್ಟರು ಒಬ್ಬರು, ಮಷೀನು ನೋಡಿಕೊಳ್ಳುವ ಆಡಿಯಾಲಜಿಸ್ಟ್ ಹುಡುಗಿ ಒಬ್ಬಳು, ಜೀಪಿನ ಡ್ರೈವರ್ ಒಬ್ಬ. ಹುಡುಗಿ ಕೇರಳದವಳು. ಅವಳ ಕನ್ನಡ ಮುದ್ದಾಗಿತ್ತು, ಆದರೆ ಪರೀಕ್ಷೆಗೆ ಒದಗುವಂಥದ್ದಲ್ಲ. ಯಾರೋ ನನ್ನ ಹೆಸರು ಹೇಳಿದ್ದರು. ಶ್ರೀರಂಗಪಟ್ಟಣದ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಅವಳು, "ಆಂಟಿ, ನಿಮ್ಮ ಡಿಕ್ಷನ್ ಭಾಳ ಕ್ಲಿಯರ್ ಅಂದ್ರು" ಎಂದಳು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ಬಾಯಿಗೆ ಅಡ್ಡ ಪೆನ್ಸಿಲ್ ಇಟ್ಟು ಕಲಿಸಿದ ಡಿಕ್ಷನ್ ಅದು. ಅಷ್ಟು ವರ್ಷಗಳ ಮೇಲೆ ಒಬ್ಬರಾದರೂ ಅದನ್ನು ಹುಡುಕಿಕೊಂಡು ಬಂದರಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಪದಗಳ ಪಟ್ಟಿ ಮಾಡುವುದೂ ನನ್ನ ಪಾಲಿಗೇ ಬಂತು. ಅವಳ ಹತ್ತಿರ ಇದ್ದದ್ದು ಇಂಗ್ಲಿಷ್ ಪಟ್ಟಿ. ಒಂದೇ ಉಸಿರಿನಲ್ಲಿ ಮುಗಿಯುವ ಪದಗಳು. ನಾನು ಒಂದು ಮಧ್ಯಾಹ್ನದಲ್ಲಿ ಅವನ್ನೆಲ್ಲ ಕನ್ನಡಕ್ಕೆ ಇಳಿಸಿ ಕೊಟ್ಟೆ. ಅವಳು ನೋಡಿ ಆಗದೆಂದು ತಲೆಯಾಡಿಸಿದಳು. ಪದಗಳು ಒಂದೇ ಉದ್ದ ಇರಬೇಕಂತೆ, ಉದ್ದ ಪದವನ್ನು ಅರ್ಧ ಕೇಳಿಸಿದರೂ ಜನ ಊಹಿಸಿಬಿಡುತ್ತಾರಂತೆ. ಕನ್ನಡದಲ್ಲಿ ಒಂದಕ್ಷರದ ಪದಗಳು ಎಷ್ಟಿವೆ? ಕೈ, ಹೂ, ಬಾ, ತಾ ಎಂದು ಬೆರಳೆಣಿಸಿ ಸೋತು, ಕೊನೆಗೆ ಎರಡಕ್ಷರಕ್ಕೆ ನಿಂತೆವು.

ಆ ಪಟ್ಟಿಯನ್ನು ಶ್ರೀರಂಗಪಟ್ಟಣದಲ್ಲಿ ಕಿವಿ ಚೆನ್ನಾಗಿರುವ ಹತ್ತು ಜನರ ಮೇಲೆ ಪ್ರಯೋಗ ಮಾಡಿದೆವು. 'ಹಕ್ಕಿ' ಎಂದರೆ 'ಅಕ್ಕಿ' ಎಂದರು. 'ಹಾಲು' ಎಂದರೆ 'ಆಲು'. ಅದು ಕಿವಿಯ ದೋಷವೋ ನಾಲಗೆಯ ರೂಢಿಯೋ ಎಂದು ಮಷೀನಿಗೆ ಹೇಗೆ ಗೊತ್ತಾಗಬೇಕು? ಹಕಾರದ ಪದಗಳನ್ನೆಲ್ಲ ತೆಗೆದೆ. 'ಹಕ್ಕಿ'ಯ ಬದಲು 'ಪಕ್ಷಿ' ಬರೆದಿದ್ದೆ, ಅದು 'ಪಕ್ಸಿ' ಆಯಿತು, ಹೊಡೆದುಹಾಕಿ 'ಕಾಗೆ' ಹಾಕಿದೆ.

ಆಮೇಲೆ ಪಟ್ಟಣದ ಮುಸ್ಲಿಂ ಮನೆಗಳವರಿಗೆ ಏನು ಎಂಬ ಪ್ರಶ್ನೆ ಬಂತು. ನಮ್ಮ ಡ್ರೈವರ್ ಅಲ್ಲಿಯವನೇ. ಜೀಪಿನಲ್ಲಿ ಹೋಗುತ್ತಾ ಪಟ್ಟಿ ಓದಿದೆ.

"ಮರ."

"ಅದು ಬ್ಯಾಡಿ ಮೇಡಮ್ಮಾರೆ. ನಮ್ಮಲ್ಲಿ ಮರ್ ಅಂದ್ರೆ ಸಾಯಿ ಅಂತ. ಕಿವಿಗೆ ಮಿಸಿನ್ ಆಕ್ಕೊಂಡು ಎದ್ರಿ ಕೂತಿರೋ ಮುದುಕ್ರಿಗೆ ಸಾಯಿ ಅಂತೀರಾ?"

"ಬಸ್ಸು?"

"ಬಸ್ ಅಂದ್ರೆ ಸಾಕು ಅಂತ. ಸಾಕು ಅಂದ್ರಲ್ಲಾ ಅಂತ ಎದ್ದೋಗ್ತಾರೆ ಅಷ್ಟೆ."

"ಕಲ್ಲು?"

"ಕಲ್ ಅಂದ್ರೆ ನೆನ್ನೇನೂ ಹೌದು, ನಾಳೇನೂ ಹೌದು. ಅದು ಇರ್ಲಿ, ಪರ್ವಾಗಿಲ್ಲ. ಯಾರ್ಗೂ ನೋವಾಗಕಿಲ್ಲ."

ಹಿಂದಿನ ಸೀಟಿನಿಂದ ಆಡಿಯಾಲಜಿಸ್ಟ್ ಹುಡುಗಿ, "ನಮ್ಮಲ್ಲೂ ಕಲ್ಲು ಸ್ಟೋನ್. ಸ್ವಲ್ಪ ನಾಲಗೆ ಮಡಿಚಿದ್ರೆ ಶೇಂದಿ" ಎಂದು ನಕ್ಕಳು. ನಾನು, ಇಂಗ್ಲಿಷಿನವರಿಗೆ ಅದೇ ಸದ್ದು 'ಕಾಲ್' ಎಂದು ಕೇಳಿಸಿ, ಯಾರೋ ಕರೆದರೆಂದು ಎದ್ದು ಬರುತ್ತಾರೆ ಎಂದೆ. ಒಂದು ಪುಟ್ಟ ಪದ. ಪಾಂಡವಪುರ ಮುಟ್ಟುವವರೆಗೆ ನಮಗೆ ಅದೇ ಆಟವಾಯಿತು.

ಕೊನೆಗೆ ಹುಡುಗಿ ಒಂದು ರೂಲ್ ಮಾಡಿದಳು. "ಆಂಟಿ, ಮೀನಿಂಗ್ ನಮಗೆ ಬೇಡ. ಸೌಂಡ್ ಮಾತ್ರ. ನೀವು ಕಲ್ಲು ಅಂದಾಗ ಅವರು ಕಲ್ಲು ಅಂದ್ರೆ ರೈಟ್. ಬೇರೆ ಏನು ಅಂದ್ರೂ ರಾಂಗ್. ಅರ್ಥ ನೋಡೋಕೆ ಹೋದ್ರೆ ನಾವು ಮುಗಿಸೋದಿಲ್ಲ." ನನಗೂ ಅದು ಒಪ್ಪಿಗೆಯಾಯಿತು. ಯಾವ ಭಾಷೆಯವರಿಗೂ ನೋವಾಗದ ಇಪ್ಪತ್ತೈದು ಪದಗಳನ್ನು ಆರಿಸಿ ಚೆಂದದ ಇಂಗ್ಲಿಷ್ ಕರ್ಸಿವ್‌ನಲ್ಲಿ ಬರೆದು, ಕನ್ನಡದ ಅಕ್ಷರವನ್ನೂ ಪಕ್ಕದಲ್ಲಿ ಕೂರಿಸಿ, ಇನ್ನು ಇದರಲ್ಲಿ ತಪ್ಪು ಹುಡುಕುವವರು ಯಾರು ಎಂದುಕೊಂಡೆ.

ಪಾಂಡವಪುರದಲ್ಲಿ ಸಕ್ಕರೆ ಕಾರ್ಖಾನೆಯ ಕೂಗಿಗೆ ಹೊಂದಿಕೊಂಡು ಪರೀಕ್ಷೆ ನಿಲ್ಲಿಸಿ ನಿಲ್ಲಿಸಿ ನಡೆಸಿದೆವು. ಅಲ್ಲೇ ಒಂದು ತೊಂದರೆಯೂ ಆಯಿತು. ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದು, ಒಳಗಿನ ನರ ಸರಿಯಿದೆಯೇ ಎಂದು ನೋಡುವ ಒಂದು ಪುಟ್ಟ ಸಲಕರಣೆ ಇರುತ್ತದೆ. ಅದರ ತಂತಿ ಒಳಗೇ ಎಲ್ಲೋ ಕಡಿಯಿತು. ಬೇರೆಯದು ಬರಲು ಎರಡು ವಾರ ಬೇಕು. ಡಾಕ್ಟರು ಯೋಚಿಸಿ ಹೇಳಿದರು: "ಕಿವಿಯ ತಮಟೆ ತೂತಾಗಿದ್ದರೆ ನಾನು ಮುಚ್ಚಬಲ್ಲೆ. ನರವೇ ಹೋಗಿದ್ದರೆ ಆಪರೇಷನ್ ಮಾಡಿಯೂ ಪ್ರಯೋಜನ ಇಲ್ಲ. ಅಲ್ಲಿವರೆಗೆ ನಿಮ್ಮ ಪದಗಳೇ ನನಗೆ ದಿಕ್ಕು. ಜೋರಾಗಿ ಹೇಳಿದಾಗ ಇಪ್ಪತ್ತೈದಕ್ಕೆ ಇಪ್ಪತ್ತು ಬಂದರೆ ನರ ಚೆನ್ನಾಗಿದೆ ಅಂತ ಲಿಸ್ಟಿಗೆ ಹಾಕ್ತೀನಿ. ಕಡಿಮೆ ಬಂದರೆ ಇಲ್ಲ."

ನನ್ನ ಪಟ್ಟಿಗೆ ಆ ತೂಕ ಬಂದದ್ದು ಹೀಗೆ.

ಮೂರನೆಯ ವಾರ ಕೆ.ಆರ್. ಪೇಟೆ ತಾಲ್ಲೂಕು. ಶೀಳನೆರೆಯ ಶಾಲೆಯ ಒಂದು ಕೊಠಡಿ ಕೊಟ್ಟಿದ್ದರು. ಸದ್ದು ತಡೆಯಲು ಊರಿನವರ ಹತ್ತಿರವೇ ಕರಿಕಂಬಳಿಗಳನ್ನು ಕೇಳಿ ತಂದು ಕಿಟಕಿಗೆ, ಬಾಗಿಲಿಗೆ, ನಡುವೆ ಹಗ್ಗ ಕಟ್ಟಿ ನೇತುಹಾಕಿದ್ದೆವು. ಕುರಿಯ ವಾಸನೆ ಮೂಗಿಗೆ ಅಡರುತ್ತಿತ್ತು. ನನ್ನ ಮುಂದೆ ಮೈಕು, ಮುಳ್ಳು ಆಡುವ ಒಂದು ಮೀಟರು. ಪ್ರತಿ ಪದಕ್ಕೂ ಆ ಮುಳ್ಳು ಒಂದೇ ಗೆರೆಗೆ ಬಂದು ನಿಲ್ಲುವಷ್ಟೇ ದನಿ ಎತ್ತಬೇಕು. 'ಹೇಳಿ, ದೀಪ.' ಐದು ಎಣಿಸುವುದು. 'ಹೇಳಿ, ಸೂಜಿ.' ಮತ್ತೆ ಐದು. ಹುಡುಗಿ ಆಚೆ ರೋಗಿಯ ಪಕ್ಕದಲ್ಲಿ ಕುಳಿತು, ಕೇಳಿದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ರೈಟು, ಇಂಟು ಹಾಕುತ್ತಾಳೆ. ಉತ್ತರಗಳು ನನಗೆ ಬರೀ ಗೊಣಗಿನಂತೆ ಕೇಳುತ್ತಿದ್ದವು, ಪದ ಬಿಡಿಸಿ ತಿಳಿಯುತ್ತಿರಲಿಲ್ಲ.

ಬೆಳಿಗ್ಗೆ ಹತ್ತರ ಹೊತ್ತಿಗೆ ಹತ್ತಿರದ ಹಳ್ಳಿಯ ಒಬ್ಬ ಅತ್ತೆ ತನ್ನ ಸೊಸೆಯನ್ನು ಕರೆದುಕೊಂಡು ಬಂದಳು. ಸೊಸೆಗೆ ಇಪ್ಪತ್ತು ಇರಬಹುದು. ಮದುವೆಯಾಗಿ ಒಂದು ವರ್ಷ. ಸೆರಗನ್ನು ಎರಡೂ ಕಿವಿ ಮುಚ್ಚುವಂತೆ ಹೊದ್ದಿದ್ದಳು.

"ಚಿಕ್ಕೋಳಿದ್ದಾಗ ಕಿವಿ ಸೋರ್ತಿತ್ತಂತೆ," ಎಂದಳು ಅತ್ತೆ ಡಾಕ್ಟರಿಗೆ. "ಅವ್ರು ನಮ್ಗೆ ಯೋಳ್ನಿಲ್ಲ. ಮುಚ್ಚಿಟ್ಟು ಕೊಟ್ಟವ್ರೆ. ಮೊನ್ನೆ ಕಾಲ್ವೆ ತಾವ ಜಾರ್ಬಿದ್ದು ಕೂಕ್ಕಂಡೆ ಸ್ವಾಮಿ. ಎದೆಮಟ್ಟ ನೀರು. ಇವ್ಳು ಅತ್ತು ಮಾರು ದೂರ್ದಲ್ಲಿ ಬಟ್ಟೆ ಒಗೀತಾವ್ಳೆ, ತಿರುಗ್ನೋಡ್ನಿಲ್ಲ. ಯಾರೋ ಬ್ಯಾರೆಯೋರು ಬಂದು ಎಳ್ಕೊಂಡ್ರು. ಇನ್ನೇನ್ ಮಾಡ್ಲಿ? ವಾಸಿ ಆಗ್ತದೆ ಅಂದ್ರೆ ಮಾಡಿ. ಇಲ್ಲ ಅಂದ್ರೆ ಇವತ್ತೇ ಅವ್ಳ ತೌರ್ಗೆ ಬುಟ್ಟು ಬತ್ತೀನಿ."

ಅವಳ ಮಾತು ಒರಟಾಗಿತ್ತು, ಆದರೆ ಸೀರೆ ಇನ್ನೂ ಒದ್ದೆಯಿದ್ದಂತೆ ಅದರ ನೆರಿಗೆಯನ್ನು ಹಿಂಡುತ್ತಲೇ ಇದ್ದಳು. ಸೊಸೆ ಅತ್ತೆಯ ತುಟಿಗಳನ್ನೇ ನೋಡುತ್ತಾ ನಿಂತಿದ್ದಳು.

ಡಾಕ್ಟರು ನೋಡಿದರು. ಎರಡೂ ಕಿವಿಯ ತಮಟೆಯಲ್ಲಿ ತೂತು. ಮುಚ್ಚಬಹುದಾದದ್ದೇ. "ಪದ ನೋಡ್ಕೊಂಡು ಬನ್ನಿ" ಎಂದು ನಮ್ಮ ಕೊಠಡಿಗೆ ಕಳಿಸಿದರು.

ನಾನು ಓದಿದೆ. ದನಿ ಚೆನ್ನಾಗಿ ಏರಿಸಿದ್ದೆವು. ಪಟ್ಟಿ ಮುಗಿದ ಮೇಲೆ ಹುಡುಗಿ ಕಂಬಳಿ ಸರಿಸಿ ಬಂದಳು. ಮುಖ ಸಪ್ಪಗಿತ್ತು. "ಸೆವೆಂಟೀನ್, ಆಂಟಿ. ಎಂಟು ಹೋಯ್ತು. ಕೆಲವಕ್ಕೆ ಸಂಬಂಧವೇ ಇಲ್ಲದ್ದು ಹೇಳ್ತಾಳೆ. ಕೆಲವಕ್ಕೆ ಸುಮ್ಮನೇ ಇರ್ತಾಳೆ. ನರದ್ದೇ ತೊಂದರೆ ಇರ್ಬೇಕು."

ಡಾಕ್ಟರು ಚೀಟಿಯ ಮೇಲೆ ಏನೂ ಬರೆಯದೆ ಪಕ್ಕಕ್ಕಿಟ್ಟರು. ಊಟದ ಮೇಲೆ ಹೇಳುತ್ತೇನೆ, ಕೂತಿರಿ ಎಂದರು. ಕೆಟ್ಟ ಸುದ್ದಿ ಹೇಳುವುದನ್ನು ಅವರು ಊಟದ ಮೇಲಕ್ಕೆ ತಳ್ಳುತ್ತಿದ್ದರು. ಮೂರು ಗಂಟೆಗೆ ಆಪರೇಷನ್ನಿನ ಲಿಸ್ಟ್ ಮುಚ್ಚಿ, ಅದೇ ಜೀಪಿನಲ್ಲಿ ಮೈಸೂರಿಗೆ ಹೊರಡುವವರು.

ಮಧ್ಯಾಹ್ನ ಆ ಹಾಳೆಗಳನ್ನೆಲ್ಲ ರಿಜಿಸ್ಟರಿಗೆ ಇಳಿಸುವುದು ನನ್ನ ಕೆಲಸ. ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಶಾಲೆಯ ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೆ. ಸೊಸೆಯ ಹಾಳೆ ಬಂತು. 'ದೀಪ' ಸರಿ. 'ಸೂಜಿ' ಸರಿ. 'ಕಲ್ಲು' ಎಂಬುದರ ಮುಂದೆ 'ಗುಂಡು' ಎಂದಿತ್ತು, ಇಂಟು. ಅದರ ನಂತರದ ಎರಡು ಖಾಲಿ. 'ಬೆಟ್ಟ'ದ ಮುಂದೆ 'ಗುಡ್ಡ', ಇಂಟು. ಮತ್ತೆರಡು ಖಾಲಿ. 'ರಾಜ' ಖಾಲಿ, ಅದರ ಮುಂದಿನದೂ ಖಾಲಿ. ಉಳಿದದ್ದೆಲ್ಲ ಸರಿ.

ವಿಚಿತ್ರ ಅನ್ನಿಸಿತು. ಎರಡು ವಾರದಲ್ಲಿ ನೂರಾರು ಹಾಳೆ ನೋಡಿದ್ದೆ. ಕಿವಿ ಮಂದವಾದವರು 'ಕಲ್ಲು' ಎಂದರೆ 'ಬೆಲ್ಲ' ಅನ್ನುತ್ತಾರೆ, 'ಗಲ್ಲ' ಅನ್ನುತ್ತಾರೆ. ಸದ್ದಿಗೆ ಸದ್ದು ಹತ್ತಿರ ಇರುತ್ತದೆ. 'ಗುಂಡು' ಎಲ್ಲಿಂದ ಬಂತು?

ಪಕ್ಕದಲ್ಲೇ ಮೇಜು ಹಾಕಿಕೊಂಡು ಊರಿನ ಆರೋಗ್ಯ ಸಹಾಯಕ ಹೆಸರು ಬರೆದುಕೊಳ್ಳುತ್ತಿದ್ದ. ಅತ್ತೆ ಅವನ ಮುಂದೆ ನಿಂತಿದ್ದಳು.

"ಬಂದಿದ್ದಂತೂ ಆಯ್ತು, ನನ್ನ ಕಿವೀನೂ ಒಂದ್ಸಲ ನೋಡ್ಬುಡಕ್ ಯೋಳಪ್ಪ."

"ಗಂಡನ ಹೆಸ್ರು ಯೋಳವ್ವ."

"ಅಯ್, ನಾನೆಂಗಪ್ಪ ಯೋಳ್ಲಿ."

"ಯೋಳ್ದಿದ್ರೆ ನಾನೆಂಗ್ ಬರೀಲಿ? ಕನಸು ಬೀಳ್ತದಾ ನಂಗೆ?"

ಅತ್ತೆ ಅತ್ತಿತ್ತ ನೋಡಿದಳು. ಆಮೇಲೆ ಬಗ್ಗಿ, ನಾನು ಕುಳಿತಿದ್ದ ಮೆಟ್ಟಿಲನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. "ಇದು. ಇದ್ರ ಮುಂದ್ಕೆ ಗೌಡ ಸೇರ್ಸ್ಕೊ."

"ಅಂಗನ್ನು ಮತ್ತೆ," ಎಂದು ಆತ ಬರೆದುಕೊಂಡ. ಸಾಲಿನಲ್ಲಿದ್ದ ಹೆಂಗಸರು ನಕ್ಕರು.

ಮೆಟ್ಟಿಲು ಕಲ್ಲಿನದು. ನಾನು ಡಬ್ಬಿ ಮುಚ್ಚಿದೆ.

ನಮ್ಮ ತಾಯಿ ಸಾಯುವವರೆಗೆ ನಮ್ಮ ತಂದೆಯ ಹೆಸರು ಹೇಳಲಿಲ್ಲ. ಪೋಸ್ಟ್‌ಮ್ಯಾನ್ ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಕಾನ್ವೆಂಟಿನಲ್ಲಿ ಕಲಿತ ನಾನು ಅದನ್ನು ನೋಡಿ ನಗುತ್ತಿದ್ದೆ. ಮದುವೆಯಾದ ಮಾರನೆಯ ದಿನವೇ ಗಂಡನನ್ನು ಹೆಸರು ಹಿಡಿದು ಕರೆದು, ವೆರಿ ಮಾಡರ್ನ್ ಎನ್ನಿಸಿಕೊಂಡವಳು. ಕರೆಯಲು ಈಗ ಆತ ಇಲ್ಲ. ಅವ್ವ ಹೇಳದೆ ಉಳಿಸಿಕೊಂಡಿದ್ದಳು, ನಾನು ಹೇಳಿ ಹೇಳಿ ಖರ್ಚು ಮಾಡಿದೆ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು. ಇರಲಿ. ಉರ್ದು, ಮಲಯಾಳ, ಇಂಗ್ಲಿಷ್ ಎಂದು ಪದಗಳನ್ನು ಅಷ್ಟು ಜಾಲಾಡಿದ ನನಗೆ ನನ್ನ ಅವ್ವನ ನೆನಪು ಒಮ್ಮೆಯೂ ಬಂದಿರಲಿಲ್ಲ.

ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ನಿಮ್ಮ ಮನೇಲಿ ಹೆಂಗಸರು ಇದಕ್ಕೆ ಏನಂತೀರಮ್ಮ?" ಎಂದು ಮೆಟ್ಟಿಲು ತಟ್ಟಿದೆ.

"ಗುಂಡು ಅಂತೀವಿ ಕಣವ್ವ. ನಾನೂ ಅಷ್ಟೆ, ಇವ್ಳೂ ಅಷ್ಟೆ. ಬಂದ ದಿನಾನೇ ಯೋಳ್ಕೊಟ್ಟಿದ್ದೆ."

"ಬೆಟ್ಟಕ್ಕೆ?"

ಸೆರಗು ಬಾಯಿಗೆ ಹೋಯಿತು. "ಗುಡ್ಡ ಅಂತೀವಿ. ಅದು ನಮ್ ಮಾವ್ನೋರದು."

"ರಾಜ ಅಂದರೆ?"

"ಅದು ನನ್ ಮಗಂದು. ನಾನು ದಿನಕ್ಕೆ ನೂರ್ಸಲ ಕೂಗ್ತೀನಿ. ಅವ್ಳು ಕೂಗಂಗಿಲ್ಲ." ಆಮೇಲೆ ನನ್ನತ್ತ ತಿರುಗಿ, "ಯಾಕವ್ವ ಕೇಳ್ತಿದ್ದೀ?" ಎಂದಳು.

ಹಾಳೆ ತೋರಿಸಿ ಹೇಳಿದೆ. ನಿನ್ನ ಸೊಸೆಗೆ ಇವು ಚೆನ್ನಾಗಿ ಕೇಳಿಸಿವೆ. ಬಾಯಲ್ಲಿ ಅನ್ನಬಾರದು ಎಂದು ಬೇರೆ ಮಾತು ಹೇಳಿದ್ದಾಳೆ. ಹೇಳುವುದೋ ಬೇಡವೋ ಎಂದು ಗಲಿಬಿಲಿಯಾಗಿ ಕೂತಷ್ಟರಲ್ಲಿ ಮುಂದಿನ ಪದಗಳು ಕೈತಪ್ಪಿವೆ. ನಾನು ಐದು ಎಣಿಸಿ ಮುಂದಕ್ಕೆ ಹೋಗುತ್ತೇನೆ, ಯಾರಿಗೂ ಕಾಯುವುದಿಲ್ಲ.

ಅವಳು ಆ ಹಾಳೆಯನ್ನು ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು. "ಮಿಸಿನ್ ಮುಂದೂ ಅನ್ಲಿಲ್ವಾ ಇವ್ಳು," ಎಂದಳು. "ನಾನಿರ್ನಿಲ್ಲ, ನಮ್ಮೋರು ಯಾರೂ ಇರ್ನಿಲ್ಲ. ಅಂದಿದ್ರೆ ಯಾರ್ಗ್ ಗೊತ್ತಾಗ್ತಿತ್ತು?"

ಗಂಟೆ ಎರಡು ದಾಟಿತ್ತು. ಆಡಿಯಾಲಜಿಸ್ಟ್ ಹುಡುಗಿಗೆ ವಿಷಯ ಹೇಳಿದೆ. ಅವಳು ಕೇಳಿಸಿಕೊಂಡಳು, ಆದರೆ ಒಪ್ಪಲಿಲ್ಲ. "ಒಬ್ಬರಿಗೆ ಲಿಸ್ಟ್ ಬದಲಾಯಿಸಿದ್ರೆ ಮಿಕ್ಕವರ ಸ್ಕೋರಿಗೆ ಏನರ್ಥ ಆಂಟಿ? ಸೌಂಡ್ ಮಾತ್ರ ಅಂತ ರೂಲ್ ಮಾಡಿದ್ವಲ್ಲ. ನೀವೂ ಒಪ್ಪಿದ್ರಿ."

"ಒಪ್ಪಿದ್ದೆ," ಎಂದೆ. "ಈ ಮಗು ಸೌಂಡ್ ಬಿಟ್ಟು ಮೀನಿಂಗ್ ವಾಪಸ್ ಕೊಟ್ಟಿದೆ. ಕೇಳಿಸದೆ ಮೀನಿಂಗ್ ಎಲ್ಲಿಂದ ಬರುತ್ತೆ ಹೇಳು?"

ಅವಳು ಪೆನ್ನಿನ ತುದಿ ಕಚ್ಚಿದಳು. "ಹದಿನೇಳಕ್ಕೆ ಆ ಎರಡನ್ನ ಸೇರಿಸಿದ್ರೂ ಹತ್ತೊಂಬತ್ತು. ಇಪ್ಪತ್ತಾಗಲ್ಲ."

ಅದೂ ನಿಜವೇ. ಹಾಳೆಯನ್ನು ತಿದ್ದಿ ಉಪಯೋಗವಿಲ್ಲ, ತಿದ್ದುವುದು ಸರಿಯೂ ಅಲ್ಲ. ನಾನು ಆಗ ಒಂದು ನಿರ್ಧಾರ ಮಾಡಿದೆ. ಸಾಲಿನಲ್ಲಿ ಇನ್ನೂ ಹನ್ನೊಂದು ಜನ ಇದ್ದರು. ಅವರೆದುರು ಹೋಗಿ, ನನ್ನ ಪಟ್ಟಿಯಲ್ಲಿ ತಪ್ಪಾಗಿದೆ, ಅರ್ಧ ಗಂಟೆ ಕೊಡಿ ಎಂದು ಕೇಳಿದೆ. ಡಾಕ್ಟರಿಗೂ ಅದನ್ನೇ ಹೇಳಿದೆ: ತಪ್ಪು ಅವಳ ಕಿವಿಯದಲ್ಲ, ಪಟ್ಟಿಯದು, ಅದು ನಾನು ಮಾಡಿದ್ದು. ಅವರು ವಾಚು ನೋಡಿ, "ನಾಲ್ಕರ ತನಕ ಇರ್ತೀನಿ. ಅದಕ್ಕಿಂತ ಆಗೋದಿಲ್ಲಮ್ಮ" ಎಂದರು.

ಅದೇ ಮೆಟ್ಟಿಲ ಮೇಲೆ ಕುಳಿತು ಅತ್ತೆಗೆ ಒಂದೊಂದೇ ಪದ ಓದಿದೆ. ಅವಳು ಪ್ರತಿಯೊಂದಕ್ಕೂ "ಊಂ, ಅದನ್ನಬೌದು" ಎನ್ನುತ್ತಾ ಬಂದಳು, ದೊಡ್ಡ ಪಂಚಾಯ್ತಿಯಲ್ಲಿ ಕುಳಿತವಳಂತೆ. ಮೂರು ಪದ ಹೋದವು. ಅವುಗಳ ಜಾಗಕ್ಕೆ 'ಸೌದೆ', 'ಬಾಳೆ', 'ದಾರ' ಬಂದವು. ಉಳಿದವನ್ನೂ ಹಿಂದುಮುಂದು ಮಾಡಿದೆ, ನೆನಪಿನಿಂದ ಹೇಳಿದಳು ಎನ್ನಿಸಬಾರದಲ್ಲ.

ಸೊಸೆಯನ್ನು ಮತ್ತೆ ಕೂರಿಸಿದೆವು. ಹೆಡ್‌ಫೋನ್ ಹಾಕುವ ಮೊದಲು ಅತ್ತೆ ಅವಳ ಎದುರು ಹೋಗಿ ನಿಂತು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದಳು: "ಅಮ್ಮೀ, ಈಗ ನಮ್ಮನೆಯೋರು ಯಾರೂ ಇಲ್ಲ ಅದ್ರಲ್ಲಿ. ಬಾಯ್ತುಂಬ ಯೋಳು. ಎದ್ರ್ಕೋಬ್ಯಾಡ."

ಮುಳ್ಳು ಗೆರೆಗೆ ಬಂದು ನಿಲ್ಲುವಂತೆ ಓದುವುದು ಅವತ್ತು ಕಷ್ಟವಾಯಿತು. ಹುಡುಗಿ ಒಂದೆರಡು ಸಲ ಕಂಬಳಿಯಾಚೆಯಿಂದ "ಲೆವೆಲ್, ಆಂಟಿ" ಎಂದಳು. ಕೊನೆಯ ಪದ ಮುಗಿಸಿ ಮೈಕು ಆರಿಸಿದೆ.

ಕಂಬಳಿ ಸರಿಯಿತು. "ಟ್ವೆಂಟಿಫೋರ್," ಎಂದಳು. ಡಾಕ್ಟರು ಲಿಸ್ಟಿನ ಕೊನೆಯ ಸಾಲಿನಲ್ಲಿ ಅವಳ ಹೆಸರು ಬರೆದರು. ಅತ್ತೆಯ ಕಿವಿ ಪರೀಕ್ಷೆಗೆ ಹೊತ್ತು ಉಳಿಯಲಿಲ್ಲ. "ನಂದಿರ್ಲಿ ಬುಡಿ," ಎಂದು ಅವಳು ಸೊಸೆಯ ಕೈಯಲ್ಲಿದ್ದ ಚೀಲವನ್ನು ತಾನೇ ತೆಗೆದುಕೊಂಡು ಹೊರಟಳು. ಬಸ್ಸು ಬರುವ ರಸ್ತೆಗೆ ಇಬ್ಬರೂ ಒಟ್ಟಿಗೆ ನಡೆದುಹೋದರು. ತೌರಿನ ಮಾತು ಮತ್ತೆ ಬರಲಿಲ್ಲ.

ನಾಗಮಂಗಲದ ವಾರದಲ್ಲಿ ಹೆಸರು ಬರೆಯುವ ಚೀಟಿಗೆ ಒಂದು ಅಂಕಣ ಸೇರಿಸಿದೆವು: 'ಮನೆಯಲ್ಲಿ ಅನ್ನಬಾರದ ಮಾತು.' ಅಲ್ಲಿನ ಆರೋಗ್ಯ ಸಹಾಯಕ ಮೊದಲ ದಿನ ಗೊಣಗಿದ, ಎರಡನೆಯ ದಿನದಿಂದ ಅದೇ ಅವನಿಗೆ ಹಬ್ಬವಾಯಿತು. ಹೆಂಗಸರು ಬಂದು ಆಕಾಶ ತೋರಿಸುವರು, ಗಿಡ ತೋರಿಸುವರು, ಒಬ್ಬಳು ಅವನ ಕೆಂಪು ಪೆನ್ನನ್ನೇ ಹಿಡಿದು ಎತ್ತಿದಳು. ಪ್ರತಿಯೊಬ್ಬರ ಚೀಟಿ ನೋಡಿ ನಾನು ಪಟ್ಟಿಯಲ್ಲಿ ಪೆನ್ಸಿಲಿನಿಂದ ಹೊಡೆದು ಬೇರೆ ಪದ ಕೂರಿಸಿಕೊಳ್ಳುತ್ತಿದ್ದೆ. ಒಂದು ಪದಕ್ಕೆ ನಾಲ್ಕು ಭಾಷೆಯಲ್ಲಿ ನಾಲ್ಕು ಅರ್ಥ ಎಂದು ಜೀಪಿನಲ್ಲಿ ನಕ್ಕಿದ್ದೆವು. ಒಂದೊಂದು ಅಡುಗೆಮನೆಗೂ ಒಂದೊಂದು ಭಾಷೆ ಇದೆ ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಆಪರೇಷನ್ ಆಗಿ ಮೂರು ತಿಂಗಳ ಮೇಲೆ ಮರುತಪಾಸಣೆಗೆ ಶೀಳನೆರೆಗೆ ಹೋದೆವು. ಅದೇ ಕೊಠಡಿ, ಅವೇ ಕಂಬಳಿ. ಅತ್ತೆ ಬಾಗಿಲಲ್ಲೇ ದೂರು ಶುರು ಮಾಡಿದಳು. "ಈಗ ಇವ್ಳು ಎದ್ರಿಗೆ ಏನೂ ಆಡಂಗಿಲ್ಲ ಕಣವ್ವ. ಇತ್ಲಲ್ಲಿ ಪಿಸುಗುಟ್ಟಿದ್ರೂ, ಏನತ್ತೆ ಅಂತ ಬತ್ತಾಳೆ." ಸೊಸೆ ಸೆರಗನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡಿದ್ದಳು.

ಈ ಸಲ ಮಷೀನಿನ ದನಿಯನ್ನು ಪಿಸುಮಾತಿನಷ್ಟಕ್ಕೆ ಇಳಿಸಿದ್ದೆವು. ಫೈಲಿನಲ್ಲಿ ಮೇಲಿದ್ದ ಹಾಳೆ ಹಿಡಿದು ಓದುತ್ತಾ ಹೋದೆ. 'ಹೇಳಿ, ದೀಪ.' 'ಹೇಳಿ, ಸೂಜಿ.' 'ಹೇಳಿ, ಕಲ್ಲು.' ಅಂದ ಮೇಲೆ ತಿಳಿಯಿತು, ಕೈಯಲ್ಲಿದ್ದದ್ದು ಮೊದಲ ದಿನದ ಹಳೆಯ ಪಟ್ಟಿ. ಮೈಕಿನ ಮುಂದೆ ಕ್ಷಮಿಸಿ ಎನ್ನುವಂತಿಲ್ಲ. ಉಸಿರು ಹಿಡಿದು ಐದು ಎಣಿಸತೊಡಗಿದೆ.

ಮೂರು ಎಣಿಸುವಷ್ಟರಲ್ಲಿ ಕಂಬಳಿ ದಾಟಿ ಸ್ಪಷ್ಟವಾಗಿ ಬಂತು: "ಗುಂಡು."

ನಾನು ಮುಂದಕ್ಕೆ ಓದಿದೆ. ಈ ಸಲ ಅವಳು ಯಾವ ಪದಕ್ಕೂ ತಡವರಿಸಲಿಲ್ಲ.

ಮುಗಿದ ಮೇಲೆ ಹುಡುಗಿ ಹಾಳೆ ತಂದು ನನ್ನ ಮುಂದಿಟ್ಟಳು. 'ಕಲ್ಲು' ಎಂಬುದರ ಮುಂದೆ 'ಗುಂಡು', ರೈಟು. 'ಬೆಟ್ಟ'ದ ಮುಂದೆ 'ಗುಡ್ಡ', ರೈಟು. 'ರಾಜ' ಎಂಬುದರ ಮುಂದೆ ಉತ್ತರ ಬರೆಯುವ ಜಾಗದಲ್ಲಿ, ಅವಳ ಸಣ್ಣ ಅಕ್ಷರದಲ್ಲಿ, 'ನಕ್ಕಳು' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದಕ್ಕೂ ರೈಟು ಹಾಕಿದ್ದಳು.

ಕೆಳಗೆ ಒಟ್ಟು: ಇಪ್ಪತ್ತೈದಕ್ಕೆ ಇಪ್ಪತ್ತೈದು. ನಾನು ಅದನ್ನು ಹಾಗೆಯೇ ರಿಜಿಸ್ಟರಿಗೆ ಇಳಿಸಿದೆ.